ಅಜ್ಜಂಪುರದ ನೆತ್ತಿಯ ಮೇಲಿನ ಗೆರೆ

ಬೆಂಗಳೂರಿಗೂ ಶಿವಮೊಗ್ಗಕ್ಕೂ ನಡುವೆ ಇರುವ ದೂರವೆಷ್ಟು ಎಂಬ ಪ್ರಶ್ನೆಗೆ 2023ರಿಂದೀಚೆಗೆ ಹೊಸದೊಂದು ಉತ್ತರ ಚಲಾವಣೆಗೆ ಬಂದಿದೆ: ‘ಒಂದು ಗಂಟೆ’. ಆ ವರ್ಷದ ಫೆಬ್ರವರಿ 27ರಂದು ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನನಿಲ್ದಾಣವನ್ನು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿ ಬಂದಿಳಿಯಿತು. ಸುಮಾರು 450 ಕೋಟಿ ರೂಪಾಯಿ ವೆಚ್ಚ, 3,200 ಮೀಟರು ಉದ್ದದ ಓಡುದಾರಿ, ತಾವರೆಯಾಕಾರದ ಕಟ್ಟಡ. ಮಲೆನಾಡಿನ ಬಾಗಿಲಿಗೆ ರಾಜಧಾನಿಯೇ ನಡೆದು ಬಂದಂತೆ ಭಾಷಣಗಳಾದವು. ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದನ್ನು ಬಿಟ್ಟು ಗಂಟೆಯಲ್ಲಿ ಹೇಳುವ ಈ ಮಾತಿನಲ್ಲಿ ತಪ್ಪೇನೂ ಇಲ್ಲ. ಹಿಂದಿನವರೂ ಹಾಗೆಯೇ ಹೇಳುತ್ತಿದ್ದರು; ಕೂಗಳತೆಯೆಂಬುದು ಕೊರಳಿನ ಅಳತೆ, ಹರದಾರಿಯೆಂಬುದು ಕಾಲಿನ ಅಳತೆ. ಅಳತೆ ಯಾವುದೇ ಇರಲಿ, ಅದು ಯಾರ ಕಾಲಿನದು ಎಂದು ಕೇಳುವುದು ಮಾತ್ರ ಅಗತ್ಯ.

ಮೊದಲು ನೇರ ದೂರವನ್ನೇ ಲೆಕ್ಕಹಾಕಿ ನೋಡಬಹುದು. ಇದಕ್ಕೆ ಪ್ರೌಢಶಾಲೆಯ ಗಣಿತ ಸಾಕು. ದೇವನಹಳ್ಳಿಯ ವಿಮಾನನಿಲ್ದಾಣ ಸುಮಾರು 13.20 ಡಿಗ್ರಿ ಉತ್ತರ ಅಕ್ಷಾಂಶ, 77.71 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸೋಗಾನೆಯದು 13.86 ಮತ್ತು 75.61. ಅಕ್ಷಾಂಶದ ಒಂದು ಡಿಗ್ರಿ ಎಂದರೆ 111 ಕಿಲೋಮೀಟರು. ರೇಖಾಂಶದ ಒಂದು ಡಿಗ್ರಿ ಸಮಭಾಜಕದ ಬಳಿ ಅಷ್ಟೇ ಇದ್ದು, ಉತ್ತರಕ್ಕೆ ಬಂದಂತೆ ಕಿರಿದಾಗುತ್ತದೆ. ನಮ್ಮ ಸೀಮೆಯಲ್ಲಿ ಅದು 108 ಕಿಲೋಮೀಟರು. ಹಾಗಾದರೆ ಉತ್ತರ-ದಕ್ಷಿಣವಾಗಿ 73, ಪೂರ್ವ-ಪಶ್ಚಿಮವಾಗಿ 227 ಕಿಲೋಮೀಟರಿನ ಅಂತರ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 238 ಬರುತ್ತದೆ. ಭೂಮಿ ಗುಂಡಗಿದೆಯಲ್ಲ ಎಂದು ಯಾರಾದರೂ ಕೇಳಿದರೆ, ಇಷ್ಟು ಚಿಕ್ಕ ದೂರದಲ್ಲಿ ಆ ಬಾಗು ಲೆಕ್ಕವನ್ನು ಕೆಡಿಸುವಷ್ಟು ದೊಡ್ಡದಲ್ಲವೆಂದು ಧೈರ್ಯವಾಗಿ ಹೇಳಬಹುದು.

ಇನ್ನು ಭೂಪಟದ ಮೇಲೆ ಅಡಿಕೋಲನ್ನಿಟ್ಟು ಈ ಎರಡು ಬಿಂದುಗಳನ್ನು ಕೂಡಿಸಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಗೆರೆ ಹೆಚ್ಚುಕಡಮೆ ಅಜ್ಜಂಪುರದ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ತರೀಕೆರೆ ಅದರಿಂದ ದಕ್ಷಿಣಕ್ಕೆ ಒಂಬತ್ತು ಕಿಲೋಮೀಟರು, ಕಡೂರು ಇಪ್ಪತ್ತು ಕಿಲೋಮೀಟರು ದೂರದಲ್ಲಿ ಉಳಿಯುತ್ತವೆ. ವಿಮಾನಗಳು ಅಡಿಕೋಲಿನ ಗೆರೆಯನ್ನು ಹಿಡಿದು ಹಾರುವುದಿಲ್ಲ, ತಮಗೆ ನಿಗದಿಯಾದ ವಾಯುಮಾರ್ಗಗಳಲ್ಲಿ ಹೋಗುತ್ತವೆ, ಇಳಿಯುವ ಮುನ್ನ ಗಾಳಿಯ ದಿಕ್ಕು ನೋಡಿ ಸುತ್ತುತ್ತವೆ. ಆದರೂ ಎರಡು ನಗರಗಳ ನಡುವಿನ ‘ಒಂದು ಗಂಟೆ’ಯ ಕೆಳಗೆ ಯಾವ ಊರುಗಳಿವೆಯೆಂದು ತಿಳಿಯಲು ಈ ಗೆರೆ ಸಾಕು.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಈ ಮಾರ್ಗಕ್ಕೆ ಬಂದದ್ದು 78 ಆಸನಗಳ ಎಟಿಆರ್ ಜಾತಿಯ ರೆಕ್ಕೆಚಕ್ರದ ವಿಮಾನ. ಮೇಲೇರಿದ ಮೇಲೆ ಅದು ಗಂಟೆಗೆ ಐನೂರು ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಹೋಗಬಲ್ಲದು. ಹಾಗಿದ್ದರೆ 238 ಕಿಲೋಮೀಟರಿಗೆ ಅರ್ಧ ಗಂಟೆ ಸಾಲದೆ? ಸಾಲದು. ನಿಂತ ಜಾಗದಿಂದ ಓಡುದಾರಿಯ ತುದಿಗೆ ತೆವಳಬೇಕು, ಸರದಿ ಕಾಯಬೇಕು, ಮೇಲೇರುವಾಗಲೂ ಇಳಿಯುವಾಗಲೂ ವೇಗ ಕಡಮೆ. ದೂರದ ಹಾರಾಟದಲ್ಲಿ ಈ ಕಾಲ ಹಂಚಿಹೋಗುತ್ತದೆ. ಹತ್ತಿರದ ಹಾರಾಟದಲ್ಲಿ ಅದೇ ಅರ್ಧದಷ್ಟಾಗುತ್ತದೆ. ಹತ್ತಿರದ ಊರಿಗೆ ವಿಮಾನವೆಂದರೆ ಮಗ್ಗುಲು ಮನೆಗೆ ಹೋಗಲು ಎತ್ತಿನಗಾಡಿ ಕಟ್ಟಿದಂತೆ. ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಹಿಡಿಯುವ ಹೊತ್ತೇ ಹೆಚ್ಚು.

ಮನೆಯ ಬಾಗಿಲಿನಿಂದ ಬಾಗಿಲಿಗೆ ಎಣಿಸಿದರೆ ಈ ಗಂಟೆ ಇನ್ನಷ್ಟು ಹಿಗ್ಗುತ್ತದೆ. 2008ರಲ್ಲಿ ಬೆಂಗಳೂರಿನ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೆ ನಗರದ ನಡುವಿನಿಂದ ಅಲ್ಲಿಗೆ ಸುಮಾರು 35 ಕಿಲೋಮೀಟರು, ವಾಹನಸಂದಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ತಪಾಸಣೆಗಾಗಿ ಒಂದೂಕಾಲು ಗಂಟೆ ಮುಂಚೆಯಾದರೂ ಇರಬೇಕು. ಹಾರಾಟ ಒಂದು ಗಂಟೆ. ಸೋಗಾನೆಯಲ್ಲಿ ಇಳಿದು ಶಿವಮೊಗ್ಗ ಪೇಟೆ ಸೇರಲು ಅರ್ಧ ಗಂಟೆ. ಒಟ್ಟು ನಾಲ್ಕು ಗಂಟೆ, ಕೆಲವೊಮ್ಮೆ ನಾಲ್ಕೂಕಾಲು. ಜನಶತಾಬ್ದಿ ರೈಲು ದಾರಿಯ ಊರುಗಳಲ್ಲಿ ನಿಂತು ನಿಂತು ಬಂದರೂ ಸುಮಾರು ನಾಲ್ಕೂವರೆ ಗಂಟೆಯಲ್ಲಿ ನಗರದ ನಡುವಿನಿಂದ ನಗರದ ನಡುವಿಗೆ ತಂದು ಬಿಡುತ್ತದೆ. ಉಳಿತಾಯವೆಂದು ಹೇಳುವ ಮೂರೂವರೆ ಗಂಟೆ ಎಣಿಸಿ ನೋಡಿದಾಗ ಅರ್ಧ ಗಂಟೆಗೆ ಇಳಿಯಿತು. ಆಷಾಢದಲ್ಲಿ ಮೋಡ ನೆಲಕ್ಕಿಳಿದ ದಿನ ಆ ಅರ್ಧ ಗಂಟೆಯೂ ಕೈಯಲ್ಲಿ ಉಳಿಯುವ ಭರವಸೆಯಿಲ್ಲ. ದೇವನಹಳ್ಳಿಯ ಸಮೀಪದಲ್ಲೇ ಮನೆಯಿರುವವನಿಗೆ, ಅಥವಾ ಅಲ್ಲಿಂದ ಮುಂದೆ ದೆಹಲಿಗೋ ದುಬೈಗೋ ಹೋಗುವವನಿಗೆ ನಿಜವಾದ ಲಾಭವಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ.

ಆದರೆ ಗೆರೆಯ ಕೆಳಗಿನವರ ಲೆಕ್ಕ ಬೇರೆ. ಅಜ್ಜಂಪುರದ ಈರುಳ್ಳಿ ಬೆಳೆಗಾರನೊಬ್ಬ ಈ ವಿಮಾನದಲ್ಲಿ ಬೆಂಗಳೂರಿಗೆ ಹೋಗಬೇಕೆಂದು ಹೊರಟರೆ ಏನಾಗುತ್ತದೆ? ಅವನು ಮೊದಲು ಬೆಂಗಳೂರಿಗೆ ಬೆನ್ನು ಹಾಕಿ ತರೀಕೆರೆ, ಭದ್ರಾವತಿಗಳನ್ನು ದಾಟಿ ಪಶ್ಚಿಮಕ್ಕೆ ಅರವತ್ತು ಕಿಲೋಮೀಟರಿನಷ್ಟು ಹೋಗಬೇಕು, ಅಲ್ಲಿ ಕಾಯಬೇಕು, ಆಮೇಲೆ ತನ್ನ ಹೊಲದ ಮೇಲೆಯೇ ಹಾರಿಕೊಂಡು ಪೂರ್ವಕ್ಕೆ ಬರಬೇಕು. ಬಾಗಿಲಿನಿಂದ ಬಾಗಿಲಿಗೆ ಅವನಿಗೆ ಐದೂವರೆ ಗಂಟೆ. ಊರಿನ ನಿಲ್ದಾಣದಲ್ಲಿ ನಿಲ್ಲುವ ಗಾಡಿಯೊಂದು ಸಿಕ್ಕರೆ ನಾಲ್ಕು ಗಂಟೆಯಲ್ಲಿ ಅವನು ಬೆಂಗಳೂರು ಸೇರುತ್ತಾನೆ. ಕಡೂರಿನವನಿಗಂತೂ ರೈಲಿನಲ್ಲಿ ಮೂರು ಗಂಟೆಯ ಆಸುಪಾಸಿನ ಪ್ರಯಾಣ. ಎಂದರೆ ಎರಡು ನಗರಗಳ ನಡುವೆ ಕಾಲ ಕುಗ್ಗಿದಾಗ ನಡುವಿನ ಊರುಗಳಿಗೆ ಅದು ಕುಗ್ಗುವುದಿಲ್ಲ. ವಿಮಾನದ ಉಳಿತಾಯ ಎರಡು ತುದಿಗಳಿಗೆ ಮಾತ್ರ ಸಲ್ಲುತ್ತದೆ, ರೈಲಿನ ಉಳಿತಾಯ ಹಳಿಯುದ್ದಕ್ಕೂ ಸಲ್ಲುತ್ತದೆ. ಸಾರಿಗೆಯ ಮೇಲೆ ಸಾರ್ವಜನಿಕ ಹಣ ಹಾಕುವವರು ಈ ವ್ಯತ್ಯಾಸವನ್ನು ಮರೆತಂತೆ ಕಾಣುತ್ತದೆ.

ಹಳಿಯ ವಿಚಾರ ಬಂದಾಗ ಒಂದು ಮಾತನ್ನು ಹೇಳದಿದ್ದರೆ ಆಗದು. ಮೈಸೂರು ಸಂಸ್ಥಾನದ ಕಾಲದಲ್ಲಿ, 1880ರ ದಶಕದಲ್ಲಿ, ಬೆಂಗಳೂರು-ತುಮಕೂರು ದಾರಿ ಮುಂದುವರಿದು ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ ಹರಿಹರವನ್ನು ಮುಟ್ಟಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗದ ಕವಲು ಬಂತು. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರೈಲುದಾರಿ ಸುಮಾರು 275 ಕಿಲೋಮೀಟರು. ಎರಡು ನಗರಗಳ ನಡುವಣ ನೇರ ದೂರವೂ 240ರ ಆಸುಪಾಸು. ಗುಡ್ಡ, ಕೆರೆ, ಹಳ್ಳಗಳನ್ನೆಲ್ಲ ಬಳಸಿಕೊಂಡು, ಇಷ್ಟೊಂದು ಪೇಟೆಗಳನ್ನು ಮುಟ್ಟಿಕೊಂಡು ಬಂದರೂ ಆ ಕಾಲದ ಎಂಜಿನಿಯರುಗಳು ಹಕ್ಕಿಯ ದಾರಿಗಿಂತ ಏಳರಲ್ಲೊಂದು ಪಾಲು ಮಾತ್ರ ಹೆಚ್ಚು ಉದ್ದಕ್ಕೆ ಹಳಿ ಹಾಸಿದರು. ದಾರಿಯಲ್ಲಿ ದೋಷವಿಲ್ಲ, ದೋಷವಿರುವುದು ವೇಗದಲ್ಲಿ. 275 ಕಿಲೋಮೀಟರಿಗೆ ನಾಲ್ಕೂವರೆ ಗಂಟೆಯೆಂದರೆ ಸರಾಸರಿ ಗಂಟೆಗೆ 61 ಕಿಲೋಮೀಟರು. ಇದು 80ಕ್ಕೆ ಏರಿದರೆ ಪ್ರಯಾಣ ಮೂರು ಗಂಟೆ ಇಪ್ಪತ್ತಾರು ನಿಮಿಷಕ್ಕೆ ಇಳಿಯುತ್ತದೆ. ವಿಮಾನ ಕೊಡುವ ಅರ್ಧ ಗಂಟೆಗೆ ಬದಲಾಗಿ ಒಂದು ಗಂಟೆಯ ಉಳಿತಾಯ, ಅದೂ ತಿಪಟೂರಿನಿಂದ ಭದ್ರಾವತಿಯವರೆಗಿನ ಎಲ್ಲರಿಗೂ ಅವರವರ ಪಾಲಿನಷ್ಟು. ಬೀರೂರಿನಿಂದಾಚೆ ಒಂಟಿ ಹಳಿ. ಎದುರು ಗಾಡಿ ಬರುವವರೆಗೆ ಹೊಲದ ನಡುವಿನ ನಿಲ್ದಾಣದಲ್ಲಿ ಕಿಟಕಿಯಿಂದ ಅಡಿಕೆ ತೋಟ ನೋಡುತ್ತ ಕುಳಿತವರಿಗೆ ಈ ವೇಗ ಎಲ್ಲಿ ಸೋರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಫ್ರಾನ್ಸ್ ದೇಶವು 2021ರಲ್ಲಿ ಒಂದು ಕಾನೂನು ಮಾಡಿ 2023ರಲ್ಲಿ ಅದನ್ನು ಜಾರಿಗೆ ತಂದಿತು: ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಊರುಗಳಿಗೆ ದೇಶದೊಳಗಿನ ವಿಮಾನ ಬೇಡವೆಂದು. ಪ್ಯಾರಿಸಿನ ಓರ್ಲಿ ನಿಲ್ದಾಣದಿಂದ ಬೋರ್ಡೊ, ನಾಂತ್, ಲಿಯೋಂ ನಗರಗಳ ಹಾರಾಟಗಳು ಹೀಗೆ ನಿಂತವು. ಬೋರ್ಡೊ ಪ್ಯಾರಿಸಿನಿಂದ ಐನೂರು ಕಿಲೋಮೀಟರು. ಅಲ್ಲಿಗೆ ರೈಲು ಎರಡು ಗಂಟೆ ಚಿಲ್ಲರೆಯಲ್ಲಿ ಹೋಗುತ್ತದೆ. ಅಂಥ ನಿಯಮವನ್ನು ಇಲ್ಲಿ ತರಬೇಕೆಂಬುದು ಈ ಮಾತಿನ ಇಂಗಿತವಲ್ಲ. ಅಲ್ಲಿ ಮೊದಲು ರೈಲು ಬಂತು, ಆಮೇಲೆ ನಿಷೇಧ ಬಂತು. ಆ ಕ್ರಮವನ್ನು ಗಮನಿಸಬೇಕು. ನಮ್ಮಲ್ಲಿ ವೇಗದ ರೈಲುಗಳೂ ವಿಮಾನದ ಮನಸ್ಸನ್ನೇ ಹೊತ್ತು ಬರುತ್ತಿವೆ. 2023ರ ಜೂನ್ 27ರಂದು ಬೆಂಗಳೂರು-ಧಾರವಾಡ ವಂದೇ ಭಾರತ್ ಆರಂಭವಾದಾಗ ಕಡೂರು, ಬೀರೂರು, ಅಜ್ಜಂಪುರ ಮೂರರಲ್ಲಿ ಒಂದರಲ್ಲೂ ಅದಕ್ಕೆ ನಿಲುಗಡೆ ಇರಲಿಲ್ಲ.

ಈ ಸೀಮೆಗೆ ವೇಗ ಹೊಸತೇನೂ ಅಲ್ಲ. ಅಜ್ಜಂಪುರದಲ್ಲಿ ಇಂದಿಗೂ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಬೆಣ್ಣೆ ಚಾವಡಿಯೆಂದು ಒಡೆಯರ ಕಾಲದಲ್ಲಿ ಮೊದಲಾಗಿ, ಟಿಪ್ಪುವಿನ ಕಾಲದಲ್ಲಿ ಈ ಹೆಸರು ಪಡೆದ ದನಗಳಿವು. ಹೈದರಾಲಿಯ ಸೈನ್ಯವು ಈ ಎತ್ತುಗಳ ಬಲದಿಂದ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿತೆಂದು ಬ್ರಿಟಿಷರ ಬರಹಗಳು ಬೆರಗಿನಿಂದ ಹೇಳುತ್ತವೆ. ಆ ವೇಗ ಹುಟ್ಟಿದ್ದು ಕಾವಲಿನ ಹುಲ್ಲಿನಲ್ಲಿ. ಹೊಸ ವೇಗಕ್ಕೆ ಬೇಕಾಗಿರುವುದೂ ಅದೇ ಕಾವಲು, ಆದರೆ ಹುಲ್ಲಿಲ್ಲದೆ.

ಇದು ಬರಿಯ ಮಾತಿನ ಚಮತ್ಕಾರವಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಕತೆ ಹಲವರಿಗೆ ಗೊತ್ತು. ವರವು ಕಾವಲಿನಲ್ಲಿ ರಕ್ಷಣಾ ಇಲಾಖೆಯ ವೈಮಾನಿಕ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ತಲೆತಲಾಂತರದಿಂದ ಕುರಿ ದನ ಮೇಯಿಸಿದವರು ಬೇಲಿಯ ಹೊರಗೆ ನಿಂತರು. ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿಯೂ ಕಿರು ವಿಮಾನಪಟ್ಟಿ ಮಾಡುವ ಮಾತು ಸರ್ಕಾರದ ಮಟ್ಟದಲ್ಲಿ ಹಲವು ಬಾರಿ ಕೇಳಿಬಂದಿದೆ. ಗುಡ್ಡದ ಸೀಮೆಯಲ್ಲಿ ಒಂದೂವರೆ ಎರಡು ಕಿಲೋಮೀಟರು ಉದ್ದದ ಸಮತಟ್ಟು ನೆಲ ಎಲ್ಲಿ ಸಿಗುತ್ತದೆಂದು ಹುಡುಕುವ ಕಣ್ಣು ಮೊದಲು ನಿಲ್ಲುವುದು ಹುಲ್ಲುಗಾವಲಿನ ಮೇಲೆ, ಏಕೆಂದರೆ ಕಂದಾಯ ದಾಖಲೆಯ ಭಾಷೆಯಲ್ಲಿ ಮರವಿಲ್ಲದ ನೆಲ ಖಾಲಿ ನೆಲ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದದ್ದರಿಂದ ಅಲ್ಲಿನ ಕೃಷ್ಣಮೃಗಗಳಿಗೆ ಒಂದಿಷ್ಟು ಆಸರೆ ದೊರಕಿತು. ಉಳಿದ ಕಾವಲುಗಳಿಗೆ ಅಂಥ ಹೆಸರಿಲ್ಲ.

ಹುಲ್ಲುಗಾವಲು ಏನು ಕೆಲಸ ಮಾಡುತ್ತದೆಂಬುದನ್ನು ರೈತರಿಗೆ ಹೇಳಿಕೊಡಬೇಕಾಗಿಲ್ಲ, ಆದರೆ ಅಂಕಿಯಲ್ಲಿ ಹೇಳಿದರೆ ಅಧಿಕಾರಿಗಳಿಗೆ ತಿಳಿಯುತ್ತದೆ. ಎರಡು ಕಿಲೋಮೀಟರು ಉದ್ದ, ಮೂವತ್ತು ಮೀಟರು ಅಗಲದ ಡಾಂಬರು ಪಟ್ಟಿಯೆಂದರೆ ಆರು ಹೆಕ್ಟೇರು. ಅದರ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅರವತ್ತು ಸಾವಿರ ಲೀಟರು ನೀರು; ಬೇಸಿಗೆಯ ಒಂದು ಬಿರುಮಳೆಗೆ, ನಲವತ್ತು ಮಿಲಿಮೀಟರು ಎಂದು ಹಿಡಿದರೆ, ಇಪ್ಪತ್ತನಾಲ್ಕು ಲಕ್ಷ ಲೀಟರು. ಹುಲ್ಲಿನ ಬೇರು ಈ ನೀರಿನ ಬಹುಪಾಲನ್ನು ನೆಲಕ್ಕಿಳಿಸುತ್ತದೆ, ಉಳಿದದ್ದನ್ನು ಮೆಲ್ಲಗೆ ಕೆರೆಗೆ ಬಿಡುತ್ತದೆ. ಡಾಂಬರು ಒಂದೇ ಗಂಟೆಯಲ್ಲಿ ಎಲ್ಲವನ್ನೂ ಚರಂಡಿಗೆ ತಳ್ಳುತ್ತದೆ. ಕಡೂರು, ಅಜ್ಜಂಪುರಗಳ ಬಯಲಿನಲ್ಲಿ ಮಳೆ ಮೊದಲೇ ಕಡಮೆ. ತೆಂಗಿನ ಬುಡಕ್ಕೆ ಟ್ಯಾಂಕರಿನಲ್ಲಿ ನೀರು ತಂದು ಹಾಕಿದ ವರ್ಷಗಳನ್ನು ಇಲ್ಲಿಯವರು ಮರೆತಿಲ್ಲ. ಅಜ್ಜಂಪುರದ ಪಾಡಂತೂ ವಿಚಿತ್ರವಾದದ್ದು: ನೆತ್ತಿಯ ಮೇಲೆ ವಿಮಾನದ ಗೆರೆ, ಕಾಲಡಿಯಲ್ಲಿ ಭದ್ರಾ ಮೇಲ್ದಂಡೆಯ ಸುರಂಗ. ಎರಡೂ ದೂರದ ಊರುಗಳ ಅಗತ್ಯಕ್ಕಾಗಿ ಅದನ್ನು ದಾಟಿ ಹೋಗುವಂಥವೇ.

ಹೊಗೆಯ ಲೆಕ್ಕದಲ್ಲಿ ಪರಿಸರವಾದಿಗಳು ಪ್ರಾಮಾಣಿಕರಾಗಿರುವುದು ಒಳ್ಳೆಯದು. ಎಟಿಆರ್ ವಿಮಾನವು ಜೆಟ್ಟಿಗಿಂತ ಕಡಮೆ ಇಂಧನ ಸುಡುತ್ತದೆ. ಈ ಹಾರಾಟಕ್ಕೆ ಅರ್ಧ ಟನ್ನು ಇಂಧನ ಬೇಕೆಂದು ಇಟ್ಟುಕೊಂಡರೆ, ಕಿಲೋಗೆ 3.16ರಂತೆ ಸುಮಾರು 1,580 ಕಿಲೋ ಇಂಗಾಲದ ಡೈಆಕ್ಸೈಡು; ಎಲ್ಲ ಆಸನ ತುಂಬಿದ್ದರೆ ತಲೆಗೆ 20 ಕಿಲೋ, ಅರ್ಧ ತುಂಬಿದ್ದರೆ 40 ಕಿಲೋ. ಒಬ್ಬನೇ ಒಂದು ಪೆಟ್ರೋಲ್ ಕಾರಿನಲ್ಲಿ ಹಳೆಯ 206ನೇ ಹೆದ್ದಾರಿಯ 300 ಕಿಲೋಮೀಟರು ಹೋದರೆ ಇಪ್ಪತ್ತು ಲೀಟರು, ಎಂದರೆ 46 ಕಿಲೋ. ವಿಮಾನವನ್ನು ಬೈದು ಒಂಟಿಯಾಗಿ ಕಾರಿನಲ್ಲಿ ಹೋಗುವವನ ಕೈ ಶುದ್ಧವಾಗಿಲ್ಲ. ನೂರಾರು ಜನರನ್ನು ಒಟ್ಟಿಗೆ ಒಯ್ಯುವ ರೈಲಿನ ಎದುರು ಇವೆರಡೂ ನಿಲ್ಲಲಾರವು. ಐವತ್ತು ಜನರನ್ನು ಹೊತ್ತ ಬಸ್ಸಿನ ಎದುರೂ ನಿಲ್ಲಲಾರವು.

ಬಸ್ಸಿನ ಮಾತಿಗೆ ಬಂದರೆ ಮಲೆನಾಡಿನ ಗಾಯ ಇನ್ನೂ ಹಸಿಯಾಗಿದೆ. ಖಾಸಗಿ ಕಂಪನಿಯೊಂದು ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ ಸರ್ಕಾರಿ ಬಸ್ಸು ಮುಖ ತಿರುಗಿಸಿದ ಹಳ್ಳಿಗಳಿಗೆ ಹೋಗಿ ಬರುತ್ತಿತ್ತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಡುತ್ತಿತ್ತು. ಹಾಲಿನ ಕ್ಯಾನು, ಔಷಧದ ಪೊಟ್ಟಣ, ಮದುವೆಯ ಕರೆಯೋಲೆ ಎಲ್ಲವೂ ಅದರ ಕಂಡಕ್ಟರ ಕೈಯಲ್ಲಿ ಊರು ಸೇರುತ್ತಿದ್ದವು. ಡೀಸೆಲಿನ ಬೆಲೆ, ತೆರಿಗೆ, ಬಿಡಿಭಾಗಗಳ ವೆಚ್ಚ ಏರುತ್ತಾ ಹೋಗಿ ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ಅದು ನಿಂತಿತು. ಅದಾದ ಮೂರು ವರ್ಷಕ್ಕೆ ಸೋಗಾನೆ ಉದ್ಘಾಟನೆಯಾಯಿತು. ಒಂದರ ಹಣವನ್ನು ಕಿತ್ತು ಇನ್ನೊಂದಕ್ಕೆ ಕೊಟ್ಟರೆಂದು ಯಾರೂ ಹೇಳುವಂತಿಲ್ಲ. ಆದರೆ ನಷ್ಟವೆಂಬ ಪದಕ್ಕೆ ಎರಡು ಕಡೆ ಎರಡು ಅರ್ಥವಿರುವುದು ಸ್ಪಷ್ಟ. ವಿಮಾನದ ಮಾರ್ಗದಲ್ಲಿ ಸೀಟು ತುಂಬದಿದ್ದರೆ ಕೊರತೆ ತುಂಬಿಕೊಡಲು ಕೇಂದ್ರ ಸರ್ಕಾರದ ‘ಉಡಾನ್’ ಯೋಜನೆಯಿದೆ. 2017ರಲ್ಲಿ ಅದರ ಮೊದಲ ವಿಮಾನ ಹಾರಿತು. ಹಳ್ಳಿಯ ಬಸ್ಸಿನಲ್ಲಿ ಸೀಟು ತುಂಬದಿದ್ದರೆ ಆ ಮಾರ್ಗವೇ ರದ್ದು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. ಸರ್ಕಾರಿ ಬಸ್ಸೇ ಬಾರದ ಊರಿನ ಹೆಣ್ಣುಮಗಳಿಗೆ ಆ ಉಚಿತ ಚೀಟಿ ಕೈಗೆ ಸಿಗುವುದು ಎಲ್ಲಿ?

ಆದುದರಿಂದ ಎರಡು ನಗರಗಳ ನಡುವಿನ ಗಂಟೆಗಿಂತ ಮೊದಲು ತಿಳಿಯಬೇಕಾದ ಗಂಟೆಗಳು ಬೇರೆ ಇವೆ. ಲಿಂಗದಹಳ್ಳಿಯ ಮೇಲಿನ ಗುಡ್ಡದ ಮನೆಯಿಂದ ಹೆರಿಗೆ ನೋವಿನವಳು ತರೀಕೆರೆಯ ಆಸ್ಪತ್ರೆ ಸೇರಲು ಎಷ್ಟು ಹೊತ್ತು? ಯಗಟಿಯ ಕಡೆಯ ಹುಡುಗಿ ಕಡೂರಿನ ಕಾಲೇಜಿನ ಮೊದಲ ಪಾಠಕ್ಕೆ ಬರಲು ಎಷ್ಟು ಗಂಟೆಗೆ ಮನೆ ಬಿಡಬೇಕು, ಸಂಜೆ ಕೊನೆಯ ಬಸ್ಸು ತಪ್ಪಿದರೆ ಏನು ಮಾಡುತ್ತಾಳೆ? ಶಿವನಿಯ ಕಡೆಯ ಈರುಳ್ಳಿ ಯಶವಂತಪುರದ ಮಂಡಿಗೆ ಹರಾಜಿನ ಹೊತ್ತಿಗೆ ಮುಟ್ಟುತ್ತದೆಯೆ, ಇಲ್ಲ ಲಾರಿಯಲ್ಲೇ ಬೆವರುತ್ತದೆಯೆ? ವಿಮಾನದ ಗಂಟೆ ಜಾಹೀರಾತಿನಲ್ಲಿ ಅಚ್ಚಾಗುತ್ತದೆ. ಇವು ಯಾವ ಯೋಜನಾ ವರದಿಯಲ್ಲೂ ಅಂಕಣವಾಗುವುದಿಲ್ಲ.

ಇದನ್ನು ಬರೆದಿಡುವ ಕೆಲಸ ಮೂರು ತಾಲ್ಲೂಕುಗಳ ವಿದ್ಯಾರ್ಥಿಗಳ ಕೈಯಲ್ಲಿದೆ. ಇದಕ್ಕೆ ಉಪಕರಣ ಬೇಡ. ಗಡಿಯಾರ, ನೋಟುಪುಸ್ತಕ ಇದ್ದರೆ ಆಯಿತು. ಮನೆ ಬಿಟ್ಟ ಹೊತ್ತು, ನಡೆದ ದೂರ, ಕಾದ ನಿಮಿಷ, ಬಂದ ಬಸ್ಸು, ಬಾರದ ಬಸ್ಸು, ಕೊಟ್ಟ ಹಣ, ತಲುಪಿದ ಹೊತ್ತು ಎಂದು ಏಳು ಅಂಕಣ. ಮಳೆಗಾಲದಲ್ಲಿ ಒಂದು ತಿಂಗಳು, ಸುಗ್ಗಿಯಲ್ಲಿ ಒಂದು ತಿಂಗಳು ಬರೆದರೆ ಸಾಕು. ನೇರ ದೂರವನ್ನು ಮೇಲೆ ಹೇಳಿದ ಅಕ್ಷಾಂಶ-ರೇಖಾಂಶದ ಲೆಕ್ಕದಿಂದ ತೆಗೆದು, ಅದನ್ನು ತಲುಪಲು ಹಿಡಿದ ಕಾಲದಿಂದ ಭಾಗಿಸಿದರೆ ಪ್ರತಿ ಹಳ್ಳಿಯ ನಿಜವಾದ ವೇಗ ಸಿಗುತ್ತದೆ. ಕೆಲವು ಊರುಗಳಲ್ಲಿ ಅದು ಗಂಟೆಗೆ ಹತ್ತು ಕಿಲೋಮೀಟರನ್ನೂ ಮುಟ್ಟಲಾರದೆಂದು ಈಗಲೇ ಊಹಿಸಬಹುದು. ಎರಡು ದಿನಕ್ಕೊಮ್ಮೆ ಪೇಟೆಗೆ ಹೋಗಿ ಬರುವ ಯಾರನ್ನು ಕೇಳಿದರೂ ಹೌದೆನ್ನುತ್ತಾರೆ. ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಘಟಕಗಳು ರಸ್ತೆ ಗುಡಿಸುವ ಶಿಬಿರಗಳ ಜೊತೆಗೆ ಇದನ್ನೂ ಒಂದು ಕಾರ್ಯಕ್ರಮವಾಗಿ ಎತ್ತಿಕೊಳ್ಳಬಹುದು. ಹೀಗೆ ಕೂಡಿಸಿದ ಪಟ್ಟಿಯ ಒಂದೊಂದು ಪ್ರತಿ ಗ್ರಾಮಸಭೆಯ ನಡಾವಳಿಯಲ್ಲಿ ಸೇರಬೇಕು. ಒಂದು ಪ್ರತಿ ರಾಜ್ಯ ಸಾರಿಗೆಯ ಚಿಕ್ಕಮಗಳೂರು ವಿಭಾಗಕ್ಕೆ, ಇನ್ನೊಂದು ಮೈಸೂರು ರೈಲ್ವೆ ವಿಭಾಗಕ್ಕೆ ಹೋಗಬೇಕು. ರೈಲ್ವೆಯ ಮುಂದಿನ ವೇಳಾಪಟ್ಟಿ ಸಿದ್ಧವಾಗುವ ಮೊದಲೇ ಅದು ಅಲ್ಲಿರಬೇಕು, ಏಕೆಂದರೆ ಅಜ್ಜಂಪುರದಲ್ಲಿ ಯಾವ ಗಾಡಿ ಎಷ್ಟು ನಿಮಿಷ ನಿಲ್ಲಬೇಕೆಂಬುದು ತೀರ್ಮಾನವಾಗುವುದು ಆ ಕಾಗದದ ಮೇಲೆ.